ಬಿಲ್ಲೆ ಇಲ್ಲದ ಪೈಪು

ಒಂಬತ್ತನೆಯ ಕಂತು

"ಯಜಮಾನರ ಮೈ ಕಡಿತ ನಿಂತದ್ದು ಯಾವಾಗ, ಮಂಗಮ್ಮ?"

ಮಂಗಮ್ಮ ಬೋರ್‌ವೆಲ್ಲಿನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಡ್ರಿಪ್ಪಿನ ಫಿಲ್ಟರ್ ಬಿಚ್ಚಿ, ಒಳಗಿನ ಬಿಲ್ಲೆಗಳನ್ನು ಹಳೆಯ ಬ್ರಷ್ಷಿನಿಂದ ಒಂದೊಂದಾಗಿ ಉಜ್ಜುತ್ತಿದ್ದಳು. ಕೆಂಪು ನೀರು ಅವಳ ಕಾಲಬೆರಳುಗಳ ಸಂದಿಯಿಂದ ಹರಿದು ಅರಿಶಿನದ ಸಾಲಿಗೆ ಹೋಗುತ್ತಿತ್ತು.

"ಐದನೇ ಇಂಜೆಕ್ಷನ್ ಆದ್ಮ್ಯಾಲ ಸ್ವಾಮಿ," ಎಂದಳು. "ಮೊದಲ್ನೇ ನಾಕು ಸಲನೂವೆ ಆಕುಸ್ಕಂಡು ಬಂದ ಮಾರ್ನೇ ದಿನದಿಂದ ಮೈಯೆಲ್ಲ ಕೆರ್ಕೊಳ್ಳೋರು. ಬೇವಿನ ಸೊಪ್ಪು ಕುದ್ಸಿ ನೀರುಯ್ತಿದ್ದಿ. ಐದನೇದಕ್ಕ ಒಂದು ಗುಳ್ಳೆನೂ ಏಳ್ನಿಲ್ಲ. ಗೋಪಾಲಸ್ವಾಮಿ ಕಣ್ಬುಟ್ಟ ಅಂದ್ಕಂಡು ಬೆಟ್ಟಕ್ಕೋಗಿ ತುಪ್ಪದ ದೀಪ ಹಚ್ಬುಟ್ಟು ಬಂದಿ."

"ಆರನೆಯದಕ್ಕೆ?"

"ಅದ್ಕೂ ಇಲ್ಲ. ಇನ್ನೊಂದು ದೀಪ ಹಚ್ಚುದಿ."

ಎದುರಿಗೆ ಕೂತು ಕೇಳುತ್ತಿದ್ದ ಗುರುಮಲ್ಲಯ್ಯ ಕಣ್ಣು ಮುಚ್ಚಿಕೊಂಡರು. ಈ ಹೆಂಗಸು ಎರಡು ದೀಪ ಹಚ್ಚಿದ್ದು ಯಾವುದಕ್ಕೆ ಎಂದು ಹೇಳುವ ಧೈರ್ಯ ಅವರಿಗೆ ಇರಲಿಲ್ಲ.

ಅವಳ ಗಂಡ ರಾಚಯ್ಯನ ಶ್ವಾಸಕೋಶದ ಗಡ್ಡೆ ನಾಲ್ಕು ಇಂಜೆಕ್ಷನ್ನಿಗೆ ಕರಗಿ, ಆರು ಮುಗಿಯುವ ಹೊತ್ತಿಗೆ ಮತ್ತೆ ಬೆಳೆದಿತ್ತು. ಔಷಧ ಸೋತಿತೋ, ಔಷಧ ಅವನ ಮೈಯನ್ನೇ ಸೇರಲಿಲ್ಲವೋ ಎಂಬುದನ್ನು ಸೋಮವಾರ ಹತ್ತು ಗಂಟೆಯೊಳಗೆ ತಿಳಿಯಬೇಕಿತ್ತು.

ಔಷಧ ಸೋತಿತೆಂದಾದರೆ ಅದನ್ನು ಉಚಿತವಾಗಿ ಕೊಡುತ್ತಿದ್ದ ಟ್ರಸ್ಟಿನವರು ಏಳನೆಯ ಪೆಟ್ಟಿಗೆಯನ್ನು ವಾಪಸು ಒಯ್ಯುತ್ತಾರೆ. ಕೀಮೋ ಹಿಂದೆಯೇ ಕೈಕೊಟ್ಟಿತ್ತು. ಬೇರೆ ದಾರಿ ಇಲ್ಲ. ಸೇರಲೇ ಇಲ್ಲವೆಂದು ಸಾಬೀತಾದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದ್ದರು. "ಔಷಧ ಕೆಲಸ ಮಾಡುವಾಗಲೂ ಗಡ್ಡೆ ಊದಿದ ಹಾಗೆ ಕಾಣುವುದುಂಟು. ಆದರೆ ಅದು ಮೊದಮೊದಲು. ಇಷ್ಟು ದಿನದ ಮೇಲೆ ಹಾಗೆಂದುಕೊಂಡು ಸುಮ್ಮನಿರಲಾರೆ," ಎಂದೂ ಸೇರಿಸಿದ್ದರು.

ಈ ಔಷಧದ ರೀತಿಯನ್ನು ಅವರೇ ವಿವರಿಸಿದ್ದು. ಇದು ಕ್ಯಾನ್ಸರನ್ನು ತಾನಾಗಿ ಕೊಲ್ಲುವುದಿಲ್ಲ. ನಮ್ಮ ಮೈಯೊಳಗೇ ಕಾವಲಿನವರಿದ್ದಾರೆ; ಕ್ಯಾನ್ಸರ್ ಅವರಿಗೆ ಸುಳ್ಳು ಗುರುತಿನ ಚೀಟಿ ತೋರಿಸಿ ತಾನೂ ಮನೆಯವನೇ ಎಂದು ನಂಬಿಸಿರುತ್ತದೆ. ಆ ಚೀಟಿ ನಡೆಯದ ಹಾಗೆ ಮಾಡುವುದಷ್ಟೇ ಈ ಔಷಧದ ಕೆಲಸ. ಮುಂದಿನದನ್ನು ಕಾವಲಿನವರೇ ನೋಡಿಕೊಳ್ಳುತ್ತಾರೆ. ಅವರು ಎಚ್ಚೆತ್ತಾಗ ಒಮ್ಮೊಮ್ಮೆ ಮನೆಯವರ ಮೇಲೂ ಕೈ ಮಾಡುವುದುಂಟು. ಮೈ ಕಡಿತ ಅದರಲ್ಲಿ ಒಂದು.

ಮೂವತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಎ.ಎಸ್.ಐ. ಆಗಿ ನಿವೃತ್ತರಾದ ಗುರುಮಲ್ಲಯ್ಯನವರಿಗೆ ಆ ಮಾತು ಚೆನ್ನಾಗಿ ಅರ್ಥವಾಗಿತ್ತು. ನಾಲ್ಕು ಸಲ ಎದ್ದ ಕಾವಲಿನವರು ಐದನೆಯ ಸಲ ಏಕೆ ಏಳಲಿಲ್ಲ?

"ಇಂಜೆಕ್ಷನ್ ಹಾಕುವಾಗ ನೀನು ಪಕ್ಕದಲ್ಲೇ ಇರುತ್ತಿದ್ದೆಯಲ್ಲ. ಐದನೆಯ ಸಲ ಏನಾದರೂ ಬೇರೆ ಥರ ಕಂಡಿತಾ?"

"ಏನಿಲ್ಲ ಬುಡಿ. ಅದೇ ಕುರ್ಚಿ. ಅದೇ ನರ್ಸು ಸುಧಾಮಣಿಯಮ್ಮ. ಅದೇ ಬಾಟ್ಲು." ಮಂಗಮ್ಮ ಉಜ್ಜಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೈ ಅಲ್ಲೇ ನಿಂತಿತು. "ಪೈಪಲ್ಲಿ ಬಿಲ್ಲೆ ಇರ್ನಿಲ್ಲ."

"ಎಂಥ ಬಿಲ್ಲೆ?"

"ಮೊದ್ಲೆಲ್ಲ ಪೈಪಿನ ಮಧ್ಯದಲ್ಲಿ ಇಷ್ಟಗಲ ಒಂದು ಬಿಲ್ಲೆ ಇರ್ತಿತ್ತು ಸ್ವಾಮಿ, ನಮ್ಮ ಡ್ರಿಪ್ಪಿನ ಫಿಲ್ಟರ್ ಇದ್ದಂಗೆ. 'ನಮ್ಮ ಅರಿಶ್ನಕ್ಕೂ ನಿಮ್ಗೂ ಒಂದೇ ಉಪಚಾರ ಕಣ' ಅಂತ ಇವರ್ನ ರೇಗುಸ್ತಿದ್ದಿ. ಕಡೇ ಎರಡು ಸಲ ಬರೀ ಪೈಪು. ಇವಾಗ ಫಿಲ್ಟರ್ ಬ್ಯಾಡ್ವಾ ಅಂತ ಕೇಳ್ಬೇಕು ಅಂದ್ಕಂಡಿ. ಓದೋರ್ನ ನಾವೇನು ಕೇಳೋದು ಅಂತ ಸುಮ್ಕಾದಿ."

ಗುರುಮಲ್ಲಯ್ಯ ಎದ್ದು ನಿಂತರು.

"ಯಜಮಾನರು ಎಲ್ಲಿ?"

"ಕ್ಷೌರಕ್ಕೋಗವ್ರ. ಬರೋ ಹೊತ್ತಾಯ್ತು. ಅವರ್ಗೇನೂ ಏಳ್ಬುಡಬ್ಯಾಡಿ ಸ್ವಾಮಿ, ನಿಮ್ಮ ಕಾಲಿಗ್ಬೀಳ್ತೀನಿ. ಶಕ್ತಿ ಇಂಜೆಕ್ಷನ್ ಅಂತ್ಲೇ ನಂಬ್ಕಂಡವ್ರ."

ಮಗಳು ಹರ್ಷಿತಾ ಹೇಳಿದ್ದೂ ಅದನ್ನೇ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಟೀಚರಾಗಿರುವ ಆಕೆ ಗುರುಮಲ್ಲಯ್ಯನವರ ಮನೆಗೆ ಬಂದು, ಪೊಲೀಸರಿಗೆ ದೂರು ಕೊಟ್ಟರೆ ತಿಂಗಳಾದೀತು, ನೀವೇ ನೋಡಿ ಎಂದು ಅತ್ತಾಗ ಮೊದಲು ಕೇಳಿಕೊಂಡ ಮಾತು ಅದು. ಅಪ್ಪನ ಕಿವಿಗೆ ಕ್ಯಾನ್ಸರ್ ಎಂಬ ಶಬ್ದ ಬೀಳಬಾರದು. ಗುರುಮಲ್ಲಯ್ಯ ಒಪ್ಪಿದ್ದರು. ಮೂರು ವರ್ಷದ ಹಿಂದೆ ತಮ್ಮ ಹೆಂಡತಿ ಶಿವರುದ್ರಮ್ಮನಿಗೂ ಅವರು ಕೊನೆಯವರೆಗೆ ಹುಣ್ಣು ಎಂದೇ ಹೇಳಿದ್ದರು.

*

ಶ್ರಾವಣ ಶನಿವಾರ. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಬೆಟ್ಟಕ್ಕೆ ಹೋಗುವವರ ನೂಕುನುಗ್ಗಲು. ತುಳಸಿಮಾಲೆ ಹಿಡಿದವರ ನಡುವೆ ದಾರಿ ಮಾಡಿಕೊಂಡು ಗುರುಮಲ್ಲಯ್ಯ ಚಾಮರಾಜನಗರದ ಬಸ್ಸು ಹತ್ತಿದರು. ಬೆಳಿಗ್ಗೆ ಲಿಂಗಪೂಜೆಯನ್ನು ಅವಸರದಲ್ಲಿ ಮುಗಿಸಿದ್ದು ಮನಸ್ಸಿಗೆ ಹಿಡಿಸಿರಲಿಲ್ಲ. ತೆರಕಣಾಂಬಿ ದಾಟುವವರೆಗೂ ನಿಂತೇ ಇದ್ದರು. ಮಂಡಿ ನೋಯುತ್ತಿತ್ತು. ಬೇರೆಯವರ ದುಃಖವನ್ನು ಹುಡುಕಿಕೊಂಡು ಅಲೆಯುವ ವಯಸ್ಸು ತಮ್ಮದಲ್ಲ ಎಂದು ಈ ವಾರ ಎಷ್ಟನೆಯ ಸಲವೋ ಅಂದುಕೊಂಡರು.

ಚಾಮರಾಜನಗರದ ಹೊರಗಿನ ಸಣ್ಣ ನರ್ಸಿಂಗ್ ಹೋಮು. ರಾಚಯ್ಯನಿಗೆ ಮೈಸೂರಿನ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನನ್ನು ಇಲ್ಲೇ ಹಾಕುತ್ತಿದ್ದರು. ಗೇಟಿನ ಬಳಿ ಟ್ರಸ್ಟಿನ ವ್ಯಾನು ನಿಂತಿತ್ತು. ಡ್ರೈವರ್ ಸುಧಾಕರ್ ಬಾನೆಟ್ಟಿಗೆ ಒರಗಿ ಬೋಂಡ ತಿನ್ನುತ್ತಿದ್ದ. ಔಷಧವನ್ನು ಮೈಸೂರಿನಿಂದ ಐಸ್ ಪೆಟ್ಟಿಗೆಯಲ್ಲಿ ತರುವವನು ಅವನೇ. ಮೂರು ದಿನದಿಂದ ಗುರುಮಲ್ಲಯ್ಯನವರ ಅನುಮಾನ ಹೆಚ್ಚಾಗಿ ಇದ್ದದ್ದು ಅವನ ಮೇಲೆಯೇ.

"ಬನ್ನಿ ಸಾರ್. ಇನ್ನೂ ನನ್ ಮೇಲೇ ಡೌಟಾ? ಪಡಿ ಪಡಿ. ಮನೇಲಿ ಹೆಂಡ್ತಿ ದಿನಾ ಪಡ್ತಾಳೆ, ನನಗೆ ಅಭ್ಯಾಸ ಆಗೋಗದೆ."

"ಪೆಟ್ಟಿಗೆ ಕೊಡುವಾಗ ಫೋಟೋ ತೆಗೆಯುತ್ತೀಯಂತೆ."

"ತೆಗೀದಿದ್ರೆ ನಮ್ಮ ಚಂದ್ರಕುಮಾರ್ ಸಾಹೇಬ್ರು ಊಟಕ್ಕೂ ಬುಡಲ್ಲ. ಟ್ರಸ್ಟು ಅವರಪ್ಪನ ಮನೇದು ಅನ್ನಂಗಾಡ್ತರೆ." ಸುಧಾಕರ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನು ತೆಗೆದ. "ನೋಡಿ. ಇವತ್ತಿನದು. ಈಗ ತಾನೇ ಒಳಗೆ ಕೊಟ್ಟೆ. ಇದು ಆರನೇದು. ಇದು ಐದನೇದು."

ಗುರುಮಲ್ಲಯ್ಯ ಕನ್ನಡಕ ಹಾಕಿಕೊಂಡು ನೋಡಿದರು. ಬಿಸಿ ತಾಗಿದರೆ ಬಣ್ಣ ಬದಲಾಗುವ ಚೀಟಿ ಎಲ್ಲದರಲ್ಲೂ ಬಿಳಿಯಾಗಿಯೇ ಇತ್ತು. ಪುಟ್ಟ ಬಾಟಲಿಗಳೆರಡರ ಸೀಲು ಒಡೆದಿರಲಿಲ್ಲ. ಪಕ್ಕದಲ್ಲಿ ಸುಧಾಮಣಿಯ ಸಹಿ. ಔಷಧ ಕೆಡದೆ, ಬದಲಾಗದೆ ಈ ಬಾಗಿಲವರೆಗೆ ಬಂದಿತ್ತು.

"ಬಾಟಲಿಯ ಪಕ್ಕ ಉದ್ದಕ್ಕಿದೆಯಲ್ಲ ಪೊಟ್ಟಣ, ಅದೇನು?"

"ಪೈಪು ಸಾರ್. ಈ ಔಷಧಕ್ಕೇ ಅಂತ ಬೇರೆ ಬರ್ತದೆ. ನಡುವೆ ಒಂದು ಫಿಲ್ಟರ್ ಬಿಲ್ಲೆ. ಕಣ್ಣಿಗೆ ಕಾಣ್ದಷ್ಟು ಗಸಿ ಇದ್ರೂ ಮೈಗೆ ಹೋಗ್ಬಾರ್ದಂತೆ. ಪೆಟ್ಟಿಗೆಗೊಂದು."

"ಐದನೆಯದರಲ್ಲೂ ಇತ್ತಾ?"

"ಫೋಟೋ ನೀವೇ ನೋಡ್ತಿದೀರಲ್ಲ ಸಾರ್! ಆರಕ್ಕೆ ಆರೂ ಇತ್ತು. ಇನ್ನೇನು, ಆ ಪೈಪ್ನ ನಮ್ಮನೆ ಗಾರೆಕೆಲಸಕ್ಕೆ ತಗೊಂಡೋದ್ನಾ?"

ಗುರುಮಲ್ಲಯ್ಯ ಫೋನನ್ನು ವಾಪಸು ಕೊಟ್ಟು ಅವನ ಭುಜದ ಮೇಲೆ ಕೈಯಿಟ್ಟರು. "ನಿನ್ನ ಹೆಂಡತಿಗೆ ಹೇಳು, ನಾನು ಅನುಮಾನ ಬಿಟ್ಟೆ ಅಂತ."

*

ಇಂಜೆಕ್ಷನ್ ಕೋಣೆಯಲ್ಲಿ ಮೂರು ಒರಗು ಕುರ್ಚಿಗಳು, ಒಂದು ಫ್ರಿಜ್ಜು, ಗೋಡೆಯ ಮೇಲೆ ಮಹದೇಶ್ವರನ ಕ್ಯಾಲೆಂಡರು. ಶನಿವಾರ ಮಧ್ಯಾಹ್ನವಾದ್ದರಿಂದ ರೋಗಿಗಳಿರಲಿಲ್ಲ. ನರ್ಸ್ ಸುಧಾಮಣಿ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿದ್ದಳು. ಮೂವತ್ತೈದರ ಒಳಗಿನ ಹೆಂಗಸು. ಅವಳು ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ ಎಂದು ರೋಗಿಗಳು ಹೇಳುತ್ತಿದ್ದರು.

"ಡಾಕ್ಟರ್ ಇಲ್ಲ ಸಾರ್ ಇವತ್ತು."

"ಡಾಕ್ಟರನ್ನ ನೋಡಲು ಬರಲಿಲ್ಲ ಕಣಮ್ಮ. ನಿನ್ನ ಹತ್ತಿರ ಒಂದು ಪೈಪಿನ ವಿಚಾರ ಕೇಳಬೇಕಿತ್ತು."

ಅವಳು ಗ್ಲೌಸು ಬಿಚ್ಚತೊಡಗಿದಳು. ಒಂದು ಬೆರಳು ಸಿಕ್ಕಿಕೊಂಡಿತು.

"ರಾಚಯ್ಯನಿಗೆ ಐದನೆಯ ಸಲ, ಆರನೆಯ ಸಲ ಫಿಲ್ಟರ್ ಇಲ್ಲದ ಪೈಪು ಹಾಕಿದ್ದೀಯ."

"ಸ್ಟಾಕ್ ಮುಗಿದಿತ್ತೇನೋ ಸಾರ್. ಜ್ಞಾಪಕ ಇಲ್ಲ."

"ಸ್ಟಾಕಿನ ಮಾತೇ ಇಲ್ಲ. ಪೆಟ್ಟಿಗೆಯ ಜೊತೆಗೇ ಬರುತ್ತೆ. ಎರಡು ಸಲವೂ ಬಂದಿದೆ. ನೀನು ಸಹಿ ಹಾಕಿದ ಫೋಟೋ ಈಗ ನೋಡಿ ಬಂದೆ."

"ಯಾರು ನೋಡಿದ್ರು ಬಿಲ್ಲೆ ಇರಲಿಲ್ಲ ಅಂತ? ಆವಯ್ಯ ಕಣ್ಮುಚ್ಕೊಂಡು ಮಲಗಿರ್ತಾರೆ."

"ಮಂಗಮ್ಮ ನೋಡಿದ್ದಾಳೆ. ವಾರಕ್ಕೊಂದು ಸಲ ಡ್ರಿಪ್ಪಿನ ಫಿಲ್ಟರ್ ತೊಳೆಯುವವಳು. ಅವಳ ಕಣ್ಣಿಗೆ ಬೀಳದೆ ಇರುತ್ತಾ?"

ಸುಧಾಮಣಿ ಬಿಚ್ಚಿದ ಗ್ಲೌಸನ್ನು ಕಸದ ಡಬ್ಬಿಗೆ ಹಾಕಿದಳು.

ಗುರುಮಲ್ಲಯ್ಯ ರೋಗಿಯ ಕುರ್ಚಿಯ ಮೇಲೆ ಕೂತರು. ಗದರಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಿಧಾನವಾಗಿ ಹೇಳಿದರು.

"ಔಷಧ ಕದ್ದು ಮಾರುವವರು ಬಾಟಲಿ ತೆಗೆದುಕೊಂಡು ಹೋಗುತ್ತಾರೆ. ಪೈಪು ಅವರಿಗೆ ಯಾಕೆ? ನಿನಗೆ ಬಾಟಲಿಯೂ ಬೇಕಿತ್ತು, ಪೈಪೂ ಬೇಕಿತ್ತು. ಗಸಿ ಮೈಗೆ ಹೋಗಬಾರದು ಎಂಬ ಕಾಳಜಿಯೂ ಇತ್ತು. ಅಂದರೆ ನೀನು ಅದನ್ನು ಮಾರಲಿಲ್ಲ ಮಗಳೇ. ಯಾರಿಗೋ ಹಾಕಿದ್ದೀಯ. ಜೋಪಾನವಾಗಿ, ನಿನ್ನ ಕೈಯಾರೆ ಹಾಕಿದ್ದೀಯ. ಯಾರಿಗೆ?"

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಆ ಸದ್ದು ಕಾರಿಡಾರಿನ ಕೊನೆ ಮುಟ್ಟುವವರೆಗೂ ಸುಧಾಮಣಿ ನಿಂತೇ ಇದ್ದಳು. ಆಮೇಲೆ ಎದುರಿನ ಕುರ್ಚಿಯಲ್ಲಿ ಕುಸಿದಳು.

"ನಮ್ಮಕ್ಕನಿಗೆ ಸಾರ್."

"ಹೆಸರು?"

"ಸಣ್ಣಮ್ಮ. ಚಂದಕವಾಡೀಲಿ ಇರ್ತಾಳೆ. ನಮ್ಮವ್ವ ಸತ್ತಾಗ ನನಗೆ ಏಳು ವರ್ಷ. ಅವಳೇ ಕೂಲಿ ಮಾಡಿ ನನ್ನ ನರ್ಸಿಂಗ್ ಓದಿಸಿದ್ದು. ಅವಳಿಗೂ ರಾಚಯ್ಯನೋರ ಕಾಯಿಲೇನೇ. ಟ್ರಸ್ಟಿಗೆ ಅರ್ಜಿ ಹಾಕಿದೆ. ಗಡ್ಡೆ ಚೂರು ಕಳಿಸಿ ಟೆಸ್ಟ್ ಮಾಡಿಸಿದ್ರು. ಈ ಔಷಧ ಹಿಡಿಯೋ ಗುರುತು ಇಲ್ಲ, ಕೊಡಕ್ಕಾಗಲ್ಲ ಅಂದ್ರು."

"ಗುರುತಿಲ್ಲ ಅಂದಮೇಲೆ ಹಾಕಿ ಏನು ಪ್ರಯೋಜನ?"

"ಗುರುತಿಲ್ಲದೋರಲ್ಲೂ ಕೆಲವರಿಗೆ ಹಿಡಿಯುತ್ತೆ ಸಾರ್. ಗುರುತಿದ್ದೋರಿಗೂ ಹಿಡಿಯದೆ ಹೋಗುತ್ತೆ. ಡಾಕ್ಟರೇ ಹೇಳೋ ಮಾತು. ಆ ಕೆಲವರಲ್ಲಿ ನಮ್ಮಕ್ಕ ಯಾಕಾಗ್ಬಾರ್ದು?"

ಶಿವರುದ್ರಮ್ಮನ ಕಾಲಕ್ಕೆ ಈ ಔಷಧದ ಹೆಸರನ್ನೂ ಗುರುಮಲ್ಲಯ್ಯ ಕೇಳಿರಲಿಲ್ಲ. ಕೇಳಿದ್ದರೆ ತಾವು ಏನೇನು ಮಾಡುತ್ತಿದ್ದರೋ.

"ರಾಚಯ್ಯನಿಗೆ ಏನು ಹಾಕಿದೆ?"

"ಬರೀ ಸಲೈನು."

"ನಿನ್ನನ್ನು ನಂಬಿ ಕೈ ಚಾಚಿದವನಿಗೆ ಉಪ್ಪುನೀರು."

"ಅವರೇ ಕೊಟ್ಟಿದ್ದು ಸಾರ್!" ಸುಧಾಮಣಿಯ ದನಿ ಏರಿತು. "ನಾನು ಕದೀಲಿಲ್ಲ. ನಾಲ್ಕನೇ ಸಲ ಅಕ್ಕನೂ ಇಲ್ಲೇ ಆ ಕುರ್ಚೀಲಿ ಕೂತಿದ್ಲು, ಕೆಮ್ಮಿ ಕೆಮ್ಮಿ ಸುಸ್ತಾಗಿ ಹಾಗೇ ನಿದ್ದೆ ಹೋಗಿದ್ಲು. ಮಂಗಮ್ಮ ತಿಂಡಿ ತರಕ್ಕೆ ಹೋಗಿದ್ರು. ರಾಚಯ್ಯನೋರು ಎಲ್ಲ ಕೇಳಿ ತಿಳ್ಕೊಂಡು, 'ನಂಗೆ ಗುಣ ಆಯ್ತು ಕಣವ್ವ, ಮುಂದಲದ್ನ ಇವಳಿಗಾಕು' ಅಂದ್ರು. ಬೇಡ ಅಂದೆ. ಆಗಲ್ಲ ಅಂದೆ. 'ನೀ ಆಕ್ದೆ ಓದ್ರ ನಾ ಬರದೇ ಇಲ್ಲ' ಅಂದ್ರು."

"ಅದು ಶಕ್ತಿ ಇಂಜೆಕ್ಷನ್ ಅಂತ ತಿಳಿದವನು ಕೊಡದೆ ಏನು ಮಾಡುತ್ತಾನೆ? ಕೊಡುತ್ತಿರುವುದು ಏನೆಂದು ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು."

ಅವಳು ತಲೆ ತಗ್ಗಿಸಿದಳು. "ಅವರನ್ನೇ ಕೇಳಿ ಸಾರ್," ಎಂದಳು ಮೆಲ್ಲಗೆ.

"ಅಕ್ಕ ಹೇಗಿದ್ದಾಳೆ?"

"ಗೊತ್ತಿಲ್ಲ. ಸ್ಕ್ಯಾನಿಗೆ ಕರ್ಕೊಂಡು ಹೋಗಿ ಏನು ಔಷಧ ಕೊಟ್ಟಿದೀನಿ ಅಂತ ಹೇಳ್ಲಿ?" ಕಣ್ಣೊರೆಸಿಕೊಂಡು, ಹೆದರಿದ ಮುಖದಲ್ಲೇ ಸಣ್ಣಗೆ ನಕ್ಕಳು. "ಅವಳಿಗೀಗ ಮೈ ಕಡಿತಾ ಇದೆ ಸಾರ್."

ಕೇಳದೆಯೇ ಅವಳು ಕಾಗದ ತೆಗೆದುಕೊಂಡು ಬರೆದುಕೊಟ್ಟಳು. ಯಾವ ದಿನ, ಯಾವ ಬಾಟಲಿ, ಯಾರಿಗೆ. ಎಲ್ಲೂ ಚಿತ್ತಿರಲಿಲ್ಲ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದು ಗುರುಮಲ್ಲಯ್ಯ ಹೇಳಿದರು. ಗೊತ್ತು ಎಂದಳು.

ಮರದ ನೆರಳಿಗೆ ಬಂದು ಅವರು ಟ್ರಸ್ಟಿನ ಚಂದ್ರಕುಮಾರ್‌ಗೆ ಫೋನು ಮಾಡಿದರು. ಆತ ಎಲ್ಲವನ್ನೂ ಕೇಳಿ, ನಿಟ್ಟುಸಿರು ಬಿಟ್ಟು ಹೇಳಿದ:

"ನರ್ಸ್ ಕಾಗದ ಒಂದೇ ಸಾಲದು ಸಾರ್. ರೋಗಿಯ ಮೇಲೆ ಮರುಕಪಟ್ಟು ಸುಳ್ಳು ಬರೆದುಕೊಟ್ಟಿದ್ದಾಳೆ ಅಂತ ಮೇಲಿನವರು ಅನ್ನುತ್ತಾರೆ. ಹಿಂದೆ ಹಾಗಾಗಿದೆ. ಎರಡು ಸಲ ನನಗೆ ಔಷಧ ಹಾಕಲಿಲ್ಲ, ಬೇರೆಯವರಿಗೆ ಹೋಯಿತು ಅಂತ ರಾಚಯ್ಯನವರೇ ಸೋಮವಾರ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಲಿ. ಅಷ್ಟಾದರೆ ಏಳನೆಯ ಪೆಟ್ಟಿಗೆ ಅವರದೇ. ಇಲ್ಲದಿದ್ದರೆ ನಾನೇ ಬಂದು ವಾಪಸು ತೆಗೆದುಕೊಂಡು ಹೋಗಬೇಕು."

ಹರ್ಷಿತಾಳಿಗೂ ಫೋನು ಮಾಡಿದರು. ಅಪ್ಪನಿಗೆ ವಿಷಯ ಹೇಳದೆ ಗತಿಯಿಲ್ಲ ಎಂದರು. "ಮೆತ್ತಗೆ ಹೇಳಿ ಸಾರ್," ಎಂದಳು.

*

ಭೀಮನಬೀಡಿಗೆ ಮರಳುವ ಹೊತ್ತಿಗೆ ಐದು ಗಂಟೆ. ರಸ್ತೆಯ ಪಕ್ಕದ ತುಂಡು ಹೊಲದಲ್ಲಿ ಚೆಂಡುಹೂವು ಕಣ್ಣು ಕುಕ್ಕುವಂತೆ ಅರಳಿತ್ತು. ರಾಚಯ್ಯ ಸಾಲಿನ ನಡುವೆ ಬಗ್ಗಿ ಹೂ ಕೀಳುತ್ತಿದ್ದ. ಹೊಸ ಕ್ಷೌರ. ಎರಡು ಸಾಲು ಕಿತ್ತು ನಿಲ್ಲುವನು, ಉಸಿರು ತೆಗೆದುಕೊಳ್ಳುವನು, ಮತ್ತೆ ಬಗ್ಗುವನು.

"ಬನ್ನಿ ಸ್ವಾಮಿ. ಬೆಳಗ್ಗೆನೂ ಬಂದಿದ್ರಂತ. ನಾ ಇಲ್ದಿದ್ದಾಗ್ಲೇ ನೋಡ್ಕಂಡು ಬಂದ್ರಾ?"

"ಸುಧಾಮಣಿ ಎಲ್ಲ ಬರೆದುಕೊಟ್ಟಳು ರಾಚಯ್ಯ."

ರಾಚಯ್ಯನ ಕೈಯಲ್ಲಿದ್ದ ಹೂವುಗಳು ಚೀಲಕ್ಕೆ ಬೀಳಲು ಸ್ವಲ್ಪ ಹೊತ್ತಾಯಿತು.

"ಬಾಯ್ಬುಟ್ಬುಟ್ಟಳಾ? ಪಾಪದ್ದು. ಅವಳ್ಗ ಏನೂ ಮಾಡ್ಬ್ಯಾಡಿ. ನಾನೇ ಆಕು ಅಂದದ್ದು."

"ಆಕು ಅಂದೆ. ಅದು ಎಂಥ ಇಂಜೆಕ್ಷನ್ ಅಂತ ನಿನಗೆ ಗೊತ್ತಾ?"

ರಾಚಯ್ಯ ಸೊಂಟ ನೆಟ್ಟಗೆ ಮಾಡಿ ನಿಂತು ನಕ್ಕ.

"ಶಕ್ತಿ ಇಂಜೆಕ್ಷನ್ ಅಲ್ವಾ? ಕ್ಯಾನ್ಸರ್ ಕಣ್ ಸ್ವಾಮಿ, ಕ್ಯಾನ್ಸರ್! ಮೈಸೂರಾಸ್ಪತ್ರೆ ಬಾಗ್ಲಲ್ಲಿ ಎಮ್ಮೆಗಾತ್ರ ಬರ್ದವ್ರ. ಐದ್ನೇ ಕ್ಲಾಸು ಓದಿವ್ನಿ ನಾನು. ಬೋರ್ಡು ಓದಕ್ ಬರಲ್ವಾ?"

ಗುರುಮಲ್ಲಯ್ಯ ಬದುವಿನ ಮೇಲೆ ಕೂತುಬಿಟ್ಟರು. "ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಅವ್ರೇ ಏಳ್ನಿಲ್ವಲ್ಲ. ನನ್ ಮಗ್ಳು ಸುಳ್ಳು ಏಳಿ ಅಭ್ಯಾಸ ಇಲ್ದೋಳು. ಶಕ್ತಿ ಇಂಜೆಕ್ಷನ್ ಕಣಪ್ಪ ಅನ್ನಕ್ಕ ಎಷ್ಟು ಕಷ್ಟ ಪಡ್ತಿದ್ಲು ಅಂದ್ರ... ಗೊತ್ತು ಕಣಮ್ಮಿ ಅಂದ್ಬುಟ್ರ ಅಷ್ಟೂ ಕಷ್ಟ ದಂಡಾಯ್ತದಲ್ಲ ಅಂತ ಸುಮ್ಕಿದ್ದಿ." ಅವನೂ ಬದುವಿನ ಮೇಲೆ ಕೂತ. "ನಿಮ್ಮನೆಯವ್ರೂ ಇದ್ರಲ್ಲೇ ತೀರೋದ್ರಂತಲ್ಲ. ನೀವು ಏಳಿದ್ರಾ ಅವರ್ಗೆ?"

ಗುರುಮಲ್ಲಯ್ಯ ಇಲ್ಲವೆಂದು ತಲೆಯಾಡಿಸಿದರು.

ಕೊನೆಯ ತಿಂಗಳು ಶಿವರುದ್ರಮ್ಮ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಏನೂ ಕೇಳುತ್ತಿಲ್ಲವಲ್ಲ, ನಂಬಿದ್ದಾಳಲ್ಲ ಎಂದು ಅವರು ಪ್ರತಿ ದಿನ ಲಿಂಗಕ್ಕೆ ಕೈಮುಗಿಯುತ್ತಿದ್ದರು. ಅವಳು ಆಗ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

"ಗೊತ್ತಿದ್ದೂ ಯಾಕೆ ಕೊಟ್ಟೆ?" ಎಂದರು.

"ಗುಣ ಆಯ್ತಲ್ಲ ಸ್ವಾಮಿ. ನಾಕು ಇಂಜೆಕ್ಷನ್ಗೆ ಕೆಮ್ಮು ಓಯ್ತು, ಅನ್ನ ಸೇರ್ತು, ಸ್ಕ್ಯಾನ್ ಫೋಟೋದಲ್ಲೂ ಗಡ್ಡೆ ಕಾಣ್ನಿಲ್ಲ ಅಂತ ಡಾಕ್ಟ್ರುಗಳು ಅವರವ್ರೇ ಇಂಗ್ಲೀಷಲ್ಲಿ ಮಾತಾಡ್ಕಂಡು ನಗಾಡಿದ್ರು. ನೀವೇ ಏಳಿ, ಬೆಳೆಗೆ ಹುಳ ಬಿದ್ರ ಔಷ್ದಿ ಹೊಡೀತೀವಿ. ಹುಳ ಸತ್ತ ಮ್ಯಾಲ ಯಾರಾರೂ ಹೊಡೀತಾರಾ? ಮಿಕ್ಕುದ್ದು ಪಕ್ಕದ ಹೊಲದೋನ್ಗೆ ಕೊಡ್ತೀವಿ. ಆ ಹೆಣ್ಣು ಕೆಮ್ತಾ ಕೂತಿತ್ತು. ಕೊಟ್ಟಿ."

ಗುರುಮಲ್ಲಯ್ಯನವರಿಗೆ ಎಲ್ಲವೂ ಈಗ ಸ್ಪಷ್ಟವಾಯಿತು. ಇದರಲ್ಲಿ ಕಳ್ಳರಿರಲಿಲ್ಲ. ಈ ಔಷಧವನ್ನು ಗುಣವಾದ ಮೇಲೂ ಬಿಡದೆ ವರ್ಷಗಟ್ಟಲೆ ಕೊಡಬೇಕು, ನಿಲ್ಲಿಸಿದರೆ ಅಪಾಯ ಎಂದು ಡಾಕ್ಟರಮ್ಮ ಹರ್ಷಿತಾಳಿಗೆ ವಿವರವಾಗಿ ಹೇಳಿದ್ದರು. ಕಾಯಿಲೆಯವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಕಾಯಿಲೆಯ ಹೆಸರನ್ನು ಹೇಳಬೇಕಾಗುತ್ತಿತ್ತು.

"ರಾಚಯ್ಯ, ಇದು ಹುಳದ ಔಷಧ ಅಲ್ಲ. ಬಿಡದೆ ತೆಗೆದುಕೊಳ್ಳಬೇಕಿತ್ತು."

"ಅಂದ್ರ?"

"ಹೋದ ವಾರದ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬಂದಿದೆ. ನಿನಗೆ ಸಣ್ಣ ಕಫ ಅಂತ ಹೇಳಿದರಲ್ಲ, ಅದು ಕಫ ಅಲ್ಲ."

ರಾಚಯ್ಯ ಚೆಂಡುಹೂವಿನ ಸಾಲನ್ನು ನೋಡುತ್ತ ಕೂತ. ಕೆಲಸದವನ ಒರಟು ಹೆಬ್ಬೆರಳು ಅಂಗೈಗೆ ಅಂಟಿದ್ದ ಹೂವಿನ ಅಂಟನ್ನು ಸುಮ್ಮನೆ ಉಜ್ಜುತ್ತಿತ್ತು.

"ಇದ್ನ ಏಳ್ನಿಲ್ಲ ನಂಗ," ಎಂದ ಕಡೆಗೆ. "ಇದೊಂದ್ನ ಏಳ್ಬೇಕಿತ್ತು."

"ದಾರಿ ಇನ್ನೂ ಇದೆ. ಎರಡು ಸಲ ನನಗೆ ಹಾಕಲಿಲ್ಲ ಅಂತ ಸೋಮವಾರ ನೀನು ಡಾಕ್ಟರ ಮುಂದೆ ಒಂದು ಮಾತು ಹೇಳಬೇಕು. ಔಷಧ ಮತ್ತೆ ಶುರು ಮಾಡುತ್ತಾರೆ. ಹಿಡಿಯುವ ಸಂಭವ ಚೆನ್ನಾಗಿದೆ ಅಂತ ಅವರೇ ಹೇಳಿದ್ದಾರೆ."

"ಏಳುದ್ರ ಸುಧಾಮಣಿ ಕತೆ ಏನು?"

ಗುರುಮಲ್ಲಯ್ಯ ಸುಧಾಮಣಿ ಬರೆದುಕೊಟ್ಟ ಕಾಗದವನ್ನು ಜೇಬಿನೊಳಗೆ ಇನ್ನಷ್ಟು ಒತ್ತಿಟ್ಟರು.

"ಜೈಲಾ?"

"ಆಗಬಹುದು."

"ಚಂದಕವಾಡೀಲಿರೋ ಅವರಕ್ಕ ಸಣ್ಣಮ್ಮನ್ಗೆ ಔಷ್ದಿ?"

"ಅದು ಮೊದಲೇ ಅವಳದ್ದಲ್ಲ ರಾಚಯ್ಯ."

"ನಾ ಕೊಟ್ಟ ಮ್ಯಾಲ ಅವಳ್ದೇ ಸ್ವಾಮಿ." ರಾಚಯ್ಯನ ದನಿ ಗಟ್ಟಿಯಾಯಿತು. "ಆಕು ಅಂತ ಬಲವಂತ ಮಾಡಿದ್ದು ನಾನು. ಇವತ್ತು ನನ್ ಜೀವಕ್ಕ ಬಂತು ಅಂತ, ಅವ್ಳು ಆಕ್ನಿಲ್ಲ, ಅವ್ಳು ತಪ್ಪು ಮಾಡುದ್ಲು ಅಂತ ಬೊಟ್ಟು ತೋರುಸ್ಲಾ? ಆಗಕಿಲ್ಲ. ಸೋಮ್ವಾರ ಕೇಳುದ್ರ ಆರಕ್ಕ ಆರೂ ನನ್ ಮೈಗೇ ಆಕುದ್ರು ಅಂತೀನಿ."

"ಅಂದರೆ ಏಳನೆಯದು ನಿನಗೆ ಸಿಗುವುದಿಲ್ಲ. ಸಾಯುತ್ತೀಯ."

"ಮೆತ್ತಗೆ ಮಾತಾಡಿ. ಅವ್ಳು ಕಾಪಿ ತತ್ತಾಳ ಈಗ."

ಹಿಂದೆ ಲೋಟದ ಸದ್ದಾಯಿತು.

ಮಂಗಮ್ಮ ಹೂವಿನ ಸಾಲಿನ ಆಚೆ ನಿಂತಿದ್ದಳು. ಕಾಫಿಯ ತಂಬಿಗೆ ಅವಳ ಕೈಯಲ್ಲಿ ವಾಲಿ, ಕಾಫಿ ಸೀರೆಯ ಮೇಲೆ ಸುರಿಯುತ್ತಿತ್ತು. ಬಿಸಿ ತಾಗಿದ್ದು ಅವಳಿಗೆ ತಿಳಿದ ಹಾಗೆ ಕಾಣಲಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ.

"ಮಂಗಿ..." ಎಂದು ರಾಚಯ್ಯ ಎದ್ದ.

ಅವಳು ಅವನ ಕಡೆ ನೋಡಲಿಲ್ಲ. ತಂಬಿಗೆಯನ್ನು ಬದುವಿನ ಮೇಲೆ ಇಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸ್ವಾಮಿ, ಚಂದಕವಾಡೀಲಿ ಆ ಸಣ್ಣಮ್ಮನ ಮನೆ ಯಾವ ಬೀದೀಲದ?"

"ಅಲ್ಲಿಗೋಗಿ ಏನು ಮಾಡ್ತೀಯ ತಾಯಿ?"

"ಇವ್ರು ಏಳಕಿಲ್ವಂತಲ್ಲ. ಇಸ್ಕಂಡೋಳು ಬಂದು ಏಳ್ಲಿ. ಮಂಗಮ್ಮನ ಗಂಡುನ್ದ ನಾ ಇಸ್ಕಂಡಿ ಅಂತ ಡಾಕ್ಟ್ರ ಮುಂದ ಅವ್ಳೇ ಏಳ್ಲಿ. ಅವಳ್ಗೂ ಬಾಯದ."

"ಬ್ಯಾಡ ಕಣಮ್ಮಿ! ಆ ಹೆಣ್ಣಿಗ ಏನೂ ಗೊತ್ತಿಲ್ಲ. ತನ್ಗೇ ಮಂಜೂರಾಯ್ತು ಅಂತ ಸುಧಾಮಣಿ ನಂಬ್ಸವ್ಳ. ನೀ ಓಗಿ ಇದ್ನ ಏಳುದ್ರ ಅದು ಅಲ್ಲೇ..."

"ಸಾಕು ಬುಡಿ," ಎಂದಳು ಮಂಗಮ್ಮ. "ಒಬ್ಬರ್ಗೊಬ್ರು ಏಳ್ದಂಗ ಕಾಪಾಡಿದ್ದು ಸಾಕು."

ಅವಳು ಹೂವಿನ ಗಿಡಗಳನ್ನು ತುಳಿದುಕೊಂಡೇ ರಸ್ತೆಗೆ ಹತ್ತಿದಳು. ಗುಂಡ್ಲುಪೇಟೆ ಕಡೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಗುರುಮಲ್ಲಯ್ಯ ನೋಯುವ ಮಂಡಿಯನ್ನು ಎಳೆದುಕೊಂಡು ಅವಳ ಹಿಂದೆಯೇ ಓಡಿದರು.

"ನೀವು ಜೊತೇಲಿ ಬತ್ತೀರೋ, ಇಲ್ಲ ನಾ ಮನೆಮನೆ ಬಾಗ್ಲು ಬಡೀಲೋ?" ಎಂದು ಮಂಗಮ್ಮ ಬಸ್ಸಿಗೆ ಕೈ ಅಡ್ಡ ಹಿಡಿದಳು.

ಹೊಲದ ನಡುವಿನಿಂದ ರಾಚಯ್ಯನ ಕೂಗು ಕೇಳಿಸಿತು. ಕೂಗುವಷ್ಟು ಉಸಿರು ಅವನಲ್ಲಿರಲಿಲ್ಲ. ಆದರೂ ಒಂದೊಂದು ಮಾತೂ ರಸ್ತೆಯವರೆಗೆ ಬಂತು.

"ಅವಳ್ನ ತಡೀರಿ ಸ್ವಾಮಿ! ಆ ಬಸ್ಸು ಅವಳ್ನ ಹತ್ತುಸ್ಕಂಡು ಓದ್ರ ಸೋಮ್ವಾರ ನಾ ಆಸ್ಪತ್ರೆ ಮೆಟ್ಲೇ ತುಳಿಯಕಿಲ್ಲ! ಗೋಪಾಲಸ್ವಾಮಿ ಆಣೆ!"

ಬಸ್ಸು ಬಂದು ನಿಂತಿತು. ಮಂಗಮ್ಮ ಹತ್ತಿದಳು.